ಎರಡನೇ ಬಾಗಿಲು

"ಏಯ್! ಏನ್ ಮಾಡ್ತಿದ್ದೀಯೋ ನೀನು?!"

ಸ್ಟುಡಿಯೋದ ಬಾಗಿಲಲ್ಲೇ ಅವಳ ಕೈಯಲ್ಲಿದ್ದ ಡ್ರಾಯಿಂಗ್ ಸುರುಳಿಗಳು ಜಾರಿ ನೆಲಕ್ಕೆ ಬಿದ್ದವು.

ಅವಳ ಮೇಜಿನ ಮುಂದೆ ಅವಳ ಕ್ಲಾಸಿನ ಹುಡುಗ ಗುಮ್ಮ ನಿಂತಿದ್ದ. ಅವನ ಒಂದು ಕೈಯಲ್ಲಿ ಮರಳು ಕಾಗದ, ಇನ್ನೊಂದರಲ್ಲಿ ಗರಗಸ. ಗರಗಸದ ಹಲ್ಲಿನ ಕೆಳಗೆ... ಅವಳ ಮಾಡೆಲ್!

ಆರ್ಕಿಟೆಕ್ಚರ್ ಸ್ನಾತಕೋತ್ತರ ಪದವಿಯ ಕೊನೆಯ ವರ್ಷವನ್ನೆಲ್ಲ ಸುರಿದು, ಬೆರಳು ಕೊಯ್ದುಕೊಂಡು, ಮೈಗೆಲ್ಲ ಅಂಟು ಮೆತ್ತಿಕೊಂಡು ಕಟ್ಟಿದ ಮರದ ಮಾಡೆಲ್. ಈಗ ಅದರ ಅರ್ಧ ಮಾತ್ರ ಮೇಜಿನ ಮೇಲಿತ್ತು. ಇನ್ನರ್ಧ ಚೂರುಚೂರಾಗಿ ಕಸದ ಡಬ್ಬಿಯಲ್ಲಿ ಬಿದ್ದಿತ್ತು.

ಮಧ್ಯಾಹ್ನ ಜ್ಯೂರಿ! ಹೊರಗಿನಿಂದ ಬರುವ ಆರ್ಕಿಟೆಕ್ಟುಗಳ ಮುಂದೆ ಮಾಡೆಲ್ ಇಟ್ಟು ಉತ್ತರ ಕೊಡಬೇಕು. ಅವರು ಒಪ್ಪಿದರೆ ಪದವಿ, ಇಲ್ಲದಿದ್ದರೆ ಗಂಟುಮೂಟೆ.

ಸಿಟ್ಟು ಮೂಗಿನ ತುದಿಯಲ್ಲೇ ಇಟ್ಟುಕೊಂಡು ಓಡಾಡುವ ಹುಡುಗಿ ಇವಳು. ಕ್ಲಾಸಿನವರು ಸುಮ್ಮಸುಮ್ಮನೆ ಸಿಡುಕಿ ಅಂತ ಹೆಸರಿಟ್ಟಿರಲಿಲ್ಲ. ಆದರೆ ಆ ಕ್ಷಣದಲ್ಲಿ ಅವಳಿಗೆ ಬಂದದ್ದು ಬರೀ ಸಿಟ್ಟಲ್ಲ. ಪಕ್ಕದ ಮೇಜಿನ ಮೇಲಿದ್ದ ಉದ್ದನೆಯ ಸ್ಟೀಲ್ ಸ್ಕೇಲ್ ಎತ್ತಿಕೊಂಡವಳೇ ಬೀಸಿ ಹೊಡೆದಳು.

ಹುಬ್ಬಿನ ಮೇಲೆ ಚರ್ಮ ಒಡೆದು ರಕ್ತ ಕಣ್ಣಿಗಿಳಿಯಿತು. ಅವನು ಗರಗಸ ಕೆಳಗಿಟ್ಟ. ಕೈ ಅಡ್ಡ ಹಿಡಿಯಲೂ ಇಲ್ಲ.

"ಮಾತಾಡೋ! ನಾನು ನಿನಗೇನು ಅನ್ಯಾಯ ಮಾಡಿದ್ದೆ?"

ಇನ್ನೊಂದು ಏಟು ಭುಜಕ್ಕೆ. ಅವನ ತುಟಿ ಮೊದಲೇ ಒಡೆದಿತ್ತು, ಅಂಗಿಯ ಕಾಲರ್ ಹರಿದಿತ್ತು. ಅದನ್ನೆಲ್ಲ ನೋಡುವ ಸ್ಥಿತಿಯಲ್ಲಿ ಅವಳೆಲ್ಲಿದ್ದಳು, ಪಾಪ!

ಗಲಾಟೆ ಕೇಳಿ ಗೈಡ್ ಮೇಡಂ ಓಡಿ ಬಂದರು. ಬಂದವರು ಸ್ಕೇಲ್ ಕಿತ್ತುಕೊಂಡು ಇಬ್ಬರ ನಡುವೆ ನಿಂತರು.

"ಇವಳ ಮಾಡೆಲ್ ಕತ್ತರಿಸಿದ್ದು ನೀನೇನಾ?"

"ಹೌದು ಮೇಡಂ. ನಾನೇ."

"ಯಾಕೆ?"

ಗುಮ್ಮ ನೆಲ ನೋಡಿದ. ವರ್ಷವಿಡೀ ಪಕ್ಕದ ಮೇಜಿನಲ್ಲಿ ಕೂತರೂ ಅವನು ಆಡಿದ ಮಾತುಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಗುಮ್ಮನಗುಸಕ ಅನ್ನುವುದು ಉದ್ದವಾಯಿತೆಂದು ಎಲ್ಲರೂ ಗುಮ್ಮ ಅನ್ನುತ್ತಿದ್ದರು. ಈಗಲೂ ಬಾಯಿಗೆ ಬೀಗ.

"ಸರಿ. ಇವತ್ತು ನಿನಗೆ ಜ್ಯೂರಿ ಇಲ್ಲ. ನಾನು ಹೇಳೋವರೆಗೂ ಈ ಬಾಗಿಲು ದಾಟಿ ಸ್ಟುಡಿಯೋ ಒಳಗೆ ಕಾಲಿಡಬೇಡ. ಹೊರಡು!"

ಅವನು ಹೊರಟ. ಬಾಗಿಲ ಹತ್ತಿರ ನಿಂತು, ತಿರುಗಿ, ಒಂದೇ ಮಾತು ಹೇಳಿದ.

"ಕತ್ತರಿಸಿದ ಮುಖ ಜ್ಯೂರಿ ಕಡೆ ತಿರುಗಿಸಿಡು."

"ನಿನ್ನ ಮುಖಕ್ಕಿಷ್ಟು ಬೆಂಕಿ ಹಾಕ! ಹೋಗೋ ಆಚೆ!"

* * *

ಈಗ ಏನು ಮಾಡುವುದು?

ಅವಳು ಬಚ್ಚಲಿಗೆ ಹೋಗಿ ಮುಖಕ್ಕೆ ನೀರು ಎರಚಿಕೊಂಡಳು. ಕನ್ನಡಿಯಲ್ಲಿ ಕಂಡದ್ದು ಅಮ್ಮನ ಮುಖದಂತಿತ್ತು.

ಅಣ್ಣ ಹೇಳಿದ್ದು ನೆನಪಾಯಿತು. 'ನೋಡು ಪುಟ್ಟಿ, ಈ ಸಲ ಪಾಸಾದ್ರೆ ನೀನು ಹೇಳಿದ ಹಾಗೆ, ಕೆಲಸಕ್ಕೆ ಸೇರ್ಕೋ, ನಾನು ಅಡ್ಡ ಬರಲ್ಲ. ಫೇಲಾದ್ರೆ ನಾನು ಹೇಳಿದ ಹಾಗೆ, ನನ್ನ ಪಾರ್ಟ್ನರ್‌ನ ಮದುವೆ ಆಗ್ಬೇಕು.' ಅವಳು ಒಪ್ಪಿ ಕೈ ಮೇಲೆ ಕೈಯಿಟ್ಟಿದ್ದಳು. ಅಣ್ಣ ಕಟ್ಟಡದ ಕಂಟ್ರಾಕ್ಟರ್. ಅಪ್ಪ ಸತ್ತ ಮೇಲೆ ಮನೆಗೆ ಅವನೇ ಯಜಮಾನ. 'ನಿಮ್ಮಣ್ಣ ಅಪ್ಪನ ಹಾಗಲ್ಲ ಕಣೇ' ಅಂತ ಅಮ್ಮ ದಿನಕ್ಕೊಮ್ಮೆ ಹೇಳುತ್ತಿದ್ದಳು. ಅವಳೂ ಅದನ್ನು ಗಟ್ಟಿಯಾಗಿ ನಂಬಿದ್ದಳು.

ಇವತ್ತು ಬೆಳಗ್ಗೆ ಕೂಡ ಅಣ್ಣ ಫೋನ್ ಮಾಡಿದ್ದ. 'ನಿನ್ನ ಮಾಡೆಲ್ ನೋಡ್ಬೇಕು ಅನ್ಸಿದೆ, ಯಾವ ಮೇಜು?' ಅಂತ. ಎಷ್ಟು ಖುಷಿಯಾಗಿತ್ತು ಅವಳಿಗೆ! ಕಿಟಕಿಯ ಪಕ್ಕದ್ದು ಅಂತ ಹೇಳಿ ಪ್ರಿಂಟ್ ತರಲು ಓಡಿದ್ದಳು.

ಅಣ್ಣ ಬರುವಷ್ಟರಲ್ಲಿ ಈ ಪಾಪಿ ಗರಗಸ ಹಿಡಿದಿದ್ದನಲ್ಲ... ಅಳು ಬರಲಿಲ್ಲ. ಮಾಡೆಲ್ ಅರ್ಧವಾದರೆ ಅರ್ಧ! ಅದನ್ನೇ ಇಟ್ಟುಕೊಂಡು ನಿಲ್ಲುತ್ತೇನೆ ಅಂತ ಹಲ್ಲು ಕಚ್ಚಿ ಹೊರಬಂದಳು.

ಜ್ಯೂರಿಗೆ ಬಂದವರಲ್ಲಿ ಒಬ್ಬ ಬೋಳುತಲೆಯ ಹಿರಿಯರಿದ್ದರು. ವಿದ್ಯಾರ್ಥಿಗಳನ್ನು ಅಳಿಸುವುದರಲ್ಲಿ ಎತ್ತಿದ ಕೈ. ಅವರು ಮಾಡೆಲ್ ಮುಂದೆ ಬಗ್ಗಿದರು. ಕನ್ನಡಕ ಸರಿಮಾಡಿಕೊಂಡರು.

"ಓಹೋ... ಸೆಕ್ಷನ್ ಮಾಡೆಲ್."

ಅವಳು ಬೆಚ್ಚಿದಳು. ಸೆಕ್ಷನ್ ಅಂದರೆ ಬ್ರೆಡ್ಡನ್ನು ಕೊಯ್ದು ಒಳಗೆ ನೋಡಿದ ಹಾಗೆ, ಕಟ್ಟಡವನ್ನು ನಡುವೆ ಸೀಳಿ ಒಳಗನ್ನು ತೋರಿಸುವುದು. ಎಲ್ಲಿ ಸೀಳಬೇಕು ಅನ್ನುವುದರಲ್ಲೇ ಆರ್ಕಿಟೆಕ್ಟನ ಜಾಣತನ ಇರುವುದು. ಅವಳು ಮೊದಲ ಸಲ ಆ ಕತ್ತರಿಸಿದ ಮುಖವನ್ನು ಸರಿಯಾಗಿ ನೋಡಿದಳು. ಅಂಚು ನುಣ್ಣಗಿತ್ತು. ಮರಳು ಕಾಗದ ಹಾಕಿ ಉಜ್ಜಿದ್ದರು. ಸೀಳು ಮೆಟ್ಟಿಲನ್ನು ಬಿಟ್ಟು, ಅಡುಗೆಮನೆಯನ್ನು ಬಿಟ್ಟು, ನೇರವಾಗಿ ಅವಳು ಎಲ್ಲಕ್ಕಿಂತ ಜತನದಿಂದ ಕಟ್ಟಿದ್ದ ಆ ಸಣ್ಣ ಕೋಣೆಯ ಮಧ್ಯೆ ಹಾದುಹೋಗಿತ್ತು.

'ನಾನೇ ಕತ್ತರಿಸಿದ್ರೂ ಇಲ್ಲೇ ಕತ್ತರಿಸ್ತಿದ್ದೆನಲ್ಲ...'

"ಹೊಡೆತ ತಿಂದು ಮನೆ ಬಿಟ್ಟು ಬಂದ ಹೆಂಗಸರಿಗೆ ವಸತಿ. ಸರಿ," ಹಿರಿಯರು ಬೆರಳಿಂದ ತಟ್ಟಿದರು. "ಆದ್ರೆ ಇಷ್ಟು ಪುಟ್ಟ ಕೋಣೆಗೂ ಎರಡೆರಡು ಬಾಗಿಲು? ಎಲ್ಲಾ ಕೋಣೆಗೂ ಹೀಗೇನಾ? ಗೋಡೆ ದಂಡ, ಜಾಗ ದಂಡ. ಯಾರಮ್ಮ ನಿನಗೆ ಹೇಳಿಕೊಟ್ಟಿದ್ದು?"

ಬೇರೆ ದಿನವಾಗಿದ್ದರೆ ಅವಳು ತಯಾರು ಮಾಡಿಕೊಂಡ ಉತ್ತರ ಒಪ್ಪಿಸುತ್ತಿದ್ದಳು. ಗಾಳಿ, ಬೆಳಕು, ಹಾಳುಮೂಳು. ಆದರೆ ಇವತ್ತು ಮೈಯೆಲ್ಲ ಕುದಿಯುತ್ತಿತ್ತು.

"ನಮ್ಮಪ್ಪ ಸಾರ್!"

ಎಲ್ಲರೂ ತಲೆಯೆತ್ತಿದರು.

"ನಮ್ಮ ಮನೆ ಕೋಣೆಗೆ ಒಂದೇ ಬಾಗಿಲು. ಅಪ್ಪ ಅಮ್ಮನನ್ನ ಹೊಡೆಯೋವಾಗ ಆ ಬಾಗಿಲಲ್ಲೇ ನಿಲ್ತಿದ್ರು, ಬೆಲ್ಟ್ ಸುತ್ತಿಕೊಂಡು. ಅಮ್ಮ ಎಲ್ಲಿಗೆ ಓಡ್ಬೇಕು? ಗೋಡೆಗೆ ತಲೆ ಬಡಿದು ರಕ್ತ ಸೋರ್ತಾ ಇದ್ರೂ ಹೊರಗೆ ಬರೋಕೆ ಅಪ್ಪನ ಕಾಲಡಿಯಲ್ಲೇ ನುಸೀಬೇಕು. ನಾನು ಮಂಚದ ಕೆಳಗೆ ಇರ್ತಿದ್ದೆ. ಇನ್ನೊಂದು ಬಾಗಿಲು ಇರ್ಬಾರ್ದಿತ್ತಾ ಅಂತ ಗೋಡೆ ನೋಡ್ತಾ ಇರ್ತಿದ್ದೆ. ಜಾಗ ದಂಡ ಅಲ್ಲ ಸಾರ್ ಅದು!"

ಸ್ಟುಡಿಯೋದ ಹಿಂಬಾಗಿಲ ಆಚೆ ಏನೋ ಸರಿದಾಡಿದ ಸದ್ದಾಯಿತು. ಅದು ಹಳೇ ಮಾಡೆಲ್‌ಗಳ ರಾಶಿ ಬಿದ್ದು ಮುಚ್ಚಿಹೋಗಿದ್ದ ಬಾಗಿಲು. ತೆರವು ಮಾಡಿಸಿ ಅಂತ ಅವಳು ಎಲ್ಲರ ಹತ್ತಿರ ಜಗಳವಾಡಿ ಸುಸ್ತಾಗಿದ್ದಳು. ಇಲಿ ಇರಬೇಕು ಅಂದುಕೊಂಡಳು.

ಹಿರಿಯರು ಕನ್ನಡಕ ತೆಗೆದು ಒರೆಸಿದರು.

"ಸರಿಯಾದ ಕಡೆನೇ ಕತ್ತರಿಸಿದ್ದೀಯಮ್ಮ. ಈ ಕೋಣೆ ಕಾಣದೆ ಇದ್ದಿದ್ರೆ ನಾನು ಈ ಪ್ರಶ್ನೆ ಕೇಳ್ತಾನೇ ಇರಲಿಲ್ಲ. ಪಾಸ್!"

* * *

ಸಂಜೆ ಬಿಸಿಲು ಮೇಜುಗಳ ಮೇಲೆ ಬಿದ್ದಿತ್ತು. ಎಲ್ಲರೂ ಹೋಗಿದ್ದರು. ಗೆದ್ದೆ ಅನ್ನುವ ಖುಷಿಗಿಂತ ಅವಳಿಗೆ ಆ ಗರಗಸದ ಗುರುತೇ ಕಾಡುತ್ತಿತ್ತು. ಹಾಳು ಮಾಡುವವನು ಅಂಚಿಗೆ ಮರಳು ಕಾಗದ ಯಾಕೆ ಉಜ್ಜುತ್ತಾನೆ?

"ಪಾಸಾದೆ ಅಂತೆ?"

ಬಾಗಿಲಲ್ಲಿ ಅಣ್ಣ ನಿಂತಿದ್ದ. ಬಲಗೈಗೆ ಬಟ್ಟೆ ಸುತ್ತಿತ್ತು.

"ಅಣ್ಣಾ! ಹೌದು ಕಣೋ! ಕೈಗೇನಾಯ್ತು?"

ಅವನು ಒಳಗೆ ಬಂದು ಮಾಡೆಲ್ ನೋಡಿದ. ಮುಖ ಕಪ್ಪಿಟ್ಟಿತು.

"ಬೆಳಗ್ಗೆ ಮುಷ್ಟಿಯಲ್ಲೇ ಪುಡಿ ಮಾಡಿದ್ನಲ್ಲೇ ಇದನ್ನ! ಅರ್ಧ ಆಗೋಷ್ಟರಲ್ಲಿ ಆ ನಿನ್ನ ಪಕ್ಕದವನು ಬಂದು ಬಿದ್ದ ಮೈಮೇಲೆ. ನಾಯಿಗೆ ಬಡಿದ ಹಾಗೆ ಬಡಿದ್ರೂ ಬಿಡಲಿಲ್ಲ. ಎಷ್ಟು ದಿನದಿಂದ ನಡೀತಿದೆ ಅವನ ಜೊತೆ?"

ಅವಳು ಮೇಜಿನ ಅಂಚು ಹಿಡಿದುಕೊಂಡಳು.

ಅಣ್ಣ... ಒಡೆದದ್ದು ಅಣ್ಣ! ಅಪ್ಪನ ಹಾಗಲ್ಲದ ಅಣ್ಣ!

"ಮಾತು ಕೊಟ್ಟಿದ್ದೆಯಲ್ಲೋ..."

"ಮಾತಂತೆ ಮಾತು! ಪಾರ್ಟ್ನರ್‌ಗೆ ನಾನು ಕೊಟ್ಟ ಮಾತು ಏನಾಗ್ಬೇಕು? ನಡಿ ಮನೆಗೆ!"

ಅವನು ಜಡೆಗೆ ಕೈ ಹಾಕಿ ಎಳೆದ. ಅವಳು ಬಿಡಿಸಿಕೊಳ್ಳಲು ಒದ್ದಾಡಿದಳು. ಕಪಾಳಕ್ಕೆ ಬಿದ್ದ ಏಟಿಗೆ ಕಿವಿ ಗುಂಯ್ಗುಟ್ಟಿತು. ಸೊಂಟ ಮೇಜಿನ ಮೂಲೆಗೆ ಬಡಿದು ಉಸಿರು ಕಟ್ಟಿತು. ಹೇಗೋ ಕೊಸರಿಕೊಂಡು ಹಿಂದೆ ಸರಿದಳು. ಅಣ್ಣ ನಗುತ್ತಾ ಹೋಗಿ ಬಾಗಿಲಿಗೆ ಅಡ್ಡ ನಿಂತ. ನಿಂತು ಬೆಲ್ಟಿಗೆ ಕೈ ಹಾಕಿದ.

ಅದೇ ನಿಲುವು. ಅದೇ ಬಾಗಿಲು. ಅವಳು ಮಂಚದ ಕೆಳಗಿನ ಮಗುವಾಗಿಬಿಟ್ಟಳು. ಕೈಕಾಲು ಮರಗಟ್ಟಿದವು.

"ಅಮ್ಮಾ..."

ಅವನು ಮುಂದೆ ಬಂದು ಬೆಲ್ಟ್ ಬೀಸಿದ. ಮೊಣಕೈ ಸೀಳಿತು. ಇನ್ನೊಂದು ಬೀಸು...

ಧಡ್!

ಅವಳ ಬೆನ್ನ ಹಿಂದೆ ಹಿಂಬಾಗಿಲು ತೆರೆಯಿತು. ಹೊರಗಿನ ಗಾಳಿ ಒಳನುಗ್ಗಿತು. ಮೈಯೆಲ್ಲ ಧೂಳು ಮೆತ್ತಿಕೊಂಡ ಗುಮ್ಮ ಅಲ್ಲಿ ನಿಂತಿದ್ದ. ಅವನ ಹಿಂದಿನ ಮೆಟ್ಟಿಲುಗಳ ಮೇಲೆ ಹಳೇ ಮಾಡೆಲ್‌ಗಳೆಲ್ಲ ಒಂದು ಬದಿಗೆ ಒಟ್ಟಿದ್ದವು.

"ಬಾ ಈ ಕಡೆ! ದಾರಿ ಇದೆ!"

ಅಣ್ಣ ನುಗ್ಗಿ ಬಂದ. ಗುಮ್ಮ ಅಡ್ಡ ಬಂದ. ಹೊಟ್ಟೆಗೆ ಒದೆ ಬಿತ್ತು, ಹುಬ್ಬಿನ ಗಾಯ ಮತ್ತೆ ಒಡೆಯಿತು. ಬಿದ್ದರೂ ಅಣ್ಣನ ಕಾಲು ತಬ್ಬಿ ಹಿಡಿದ.

"ಹೋಗು... ಓಡು!"

ಅವಳು ಆ ಬಾಗಿಲು ನೋಡಿದಳು. ಮೆಟ್ಟಿಲು, ಬೆಳಕು, ರಸ್ತೆ. ಒಂದೇ ನೆಗೆತ.

ವಿಚಿತ್ರ ನೋಡಿ! ಹೋಗಬಹುದು ಅಂತ ಗೊತ್ತಾದ ಕೂಡಲೇ ಅವಳ ಮರಗಟ್ಟಿದ್ದ ಕಾಲಿಗೆ ಜೀವ ಬಂತು. ಓಡಬೇಕು ಅನ್ನಿಸಲೇ ಇಲ್ಲ.

ಅವಳು ತಿರುಗಿದಳು. ಸ್ಟೀಲ್ ಸ್ಕೇಲ್ ಕೈಗೆ ಬಂತು. ಬಟ್ಟೆ ಸುತ್ತಿದ್ದ ಅಣ್ಣನ ಕೈಯ ಮೇಲೆ ಜೀವವೆಲ್ಲ ಸೇರಿಸಿ ಹೊಡೆದಳು. ಅವನು ಚೀರಿ ಬೆಲ್ಟ್ ಬಿಟ್ಟ. ಇನ್ನೊಂದು ಏಟಿಗೆ ಮಂಡಿಯೂರಿದ.

"ಇವನನ್ನ ಬಿಡು! ನನ್ನ ಮುಖ ನೋಡು!" ಅವಳ ಸ್ವರ ಅವಳಿಗೇ ಹೊಸದಾಗಿತ್ತು. "ಇನ್ನು ಮೇಲೆ ನೀನು ನನಗೆ ಅಣ್ಣ ಅಲ್ಲ. ನಾಳೆ ಬರ್ತೀನಿ, ಅಮ್ಮನನ್ನ ಕರ್ಕೊಂಡು ಹೋಗೋಕೆ. ಆ ಬಾಗಿಲಲ್ಲಿ ಅಡ್ಡ ನಿಂತು ನೋಡು!"

ಕೂಗಾಟಕ್ಕೆ ಗೈಡ್ ಮೇಡಂ, ಕಾವಲಿನವರು ಓಡಿ ಬಂದರು. ಅಣ್ಣನ ರಟ್ಟೆ ಹಿಡಿದು ಹೊರಗೆ ಎಳೆದೊಯ್ದರು. ಅವಳಿಂದ ನಡೆದದ್ದೆಲ್ಲ ಕೇಳಿ ಪೊಲೀಸರಿಗೆ ಮೇಡಂ ತಾವೇ ಫೋನ್ ಮಾಡಿದರು. ಕಿವಿಗೆ ಫೋನ್ ಇಟ್ಟುಕೊಂಡೇ ಗುಮ್ಮನ ತಲೆಗೊಂದು ಮೊಟಕಿದರು.

"ಬಾಯಿ ಇಟ್ಟಿರೋದು ಯಾತಕ್ಕಯ್ಯಾ? ಬೆಳಗ್ಗೆ ಹೇಳೋಕೇನಾಗಿತ್ತು? ನಾಳೆ ನಿನ್ನ ಜ್ಯೂರಿ. ಮುಖ ತೊಳ್ಕೊಂಡು ಬಾ!"

* * *

ಹಿಂದಿನ ಮೆಟ್ಟಿಲ ಮೇಲೆ ಇಬ್ಬರೂ ಕೂತರು. ಅವಳು ಹತ್ತಿ ಒದ್ದೆ ಮಾಡಿ ಅವನ ಹುಬ್ಬು ಒರೆಸುತ್ತಿದ್ದಳು.

"ಇದು ನಾನು ಹೊಡೆದ ಗಾಯ..."

"ಹ್ಞೂಂ."

"ಅಣ್ಣ ಒಡೆದಿದ್ದನ್ನ ನೀನು ಕೊಯ್ದು ಉಳಿಸ್ತಿದ್ದೆ ಅಂತ ಯಾಕೋ ಹೇಳಲಿಲ್ಲ?"

ಅವನು ಅಂಗಿಯ ಧೂಳು ಕೊಡವಿಕೊಂಡ.

"ಹೇಳಿದ್ರೆ ನೀನು ಕುಸಿದು ಕೂತ್ಬಿಡ್ತಿದ್ದೆ. ಅಣ್ಣ ಅಂದ್ರೆ ಪ್ರಾಣ ನಿಂಗೆ. ನನ್ನ ಮೇಲಾದ್ರೆ ಸಿಟ್ಟು ಬರುತ್ತೆ, ಅಷ್ಟೇ. ಸಿಟ್ಟು ಬಂದಾಗ ನೀನು ಚೆನ್ನಾಗಿ ಮಾತಾಡ್ತೀಯ."

ಅವಳಿಗೆ ನಗು, ಅಳು ಒಟ್ಟಿಗೇ ಬಂದವು. ಹತ್ತಿ ಒತ್ತಿದ್ದು ಜೋರಾಯಿತೇನೋ, ಅವನು "ಹಾ!" ಅಂದ.

"ನಿನ್ನ ಜ್ಯೂರಿ ಹೋದ್ರೂ ಪರವಾಗಿಲ್ವಾ?"

"ನಿಂದು ಕೇಳಿಸಿಕೊಳ್ಬೇಕಿತ್ತು. ಆ ಬಾಗಿಲು ದಾಟಬೇಡ ಅಂದ್ರಲ್ಲ ಮೇಡಂ... ಅದಕ್ಕೇ ಈ ಬಾಗಿಲಿಗೆ ಬಂದೆ. ಕಸ ಎತ್ತಿ ಹಾಕ್ತಾ ಕೇಳಿಸಿಕೊಂಡೆ."

ಇಲಿಯಂತೆ ಇಲಿ! ಅವಳು ಸೆರಗಿನಲ್ಲಿ... ಇಲ್ಲ, ಸೆರಗೆಲ್ಲಿಂದ ಬರಬೇಕು, ಅಂಟು ಮೆತ್ತಿದ ಅಂಗಿಯ ತೋಳಿನಲ್ಲಿ ಕಣ್ಣೊರೆಸಿಕೊಂಡಳು.

"ಆ ಕೋಣೆಯಲ್ಲೇ ಕತ್ತರಿಸ್ಬೇಕು ಅಂತ ಹೇಗೆ ಗೊತ್ತಾಯ್ತು? ಅಮ್ಮನ ವಿಷಯ ನಾನು ಯಾರಿಗೂ ಹೇಳಿರಲಿಲ್ಲ."

"ಬೇರೆ ಕೋಣೆನೆಲ್ಲ ನೀನು ಗಡಿಬಿಡಿಯಲ್ಲಿ ಅಂಟಿಸ್ತಿದ್ದೆ. ಆ ಕೋಣೆ ಬಾಗಿಲು ಅಂಟಿಸೋವಾಗ ಮಾತ್ರ ಪ್ರತಿಸಲ ತೆಗೆದು ಮುಚ್ಚಿ ನೋಡ್ತಿದ್ದೆ. ತೆರೆಯುತ್ತಾ ಇಲ್ವಾ ಅಂತ. ಒಂದು ವರ್ಷದಿಂದ ನೋಡ್ತಿದ್ದೀನಲ್ಲ."

"ಮಾಡೆಲ್‌ನಾ?"

"ಅದನ್ನೂ."

ಗುಮ್ಮನ ಕಿವಿ ಕೆಂಪಾಯಿತು. ಅವಳು ಹತ್ತಿ ಕೆಳಗಿಟ್ಟು ಅವನ ಕೈ ಹಿಡಿದುಕೊಂಡಳು. ಅದರ ಬೆರಳುಗಳಲ್ಲೂ ಅವಳ ಬೆರಳುಗಳಂತೆಯೇ ಕಟರ್‌ನ ಹಳೇ ಗಾಯಗಳಿದ್ದವು.

"ಪ್ರೀತಿಸ್ತೀನಿ ಅಂತ ಬಾಯಿಬಿಟ್ಟು ಹೇಳೋ ಗುಮ್ಮ!"

"ಪ್ರೀತಿಸ್ತೀನಿ." ಆಮೇಲೆ, ಹೆದರುತ್ತಾ, ಒಂದೊಂದೇ ಮಾತು ಹೆಕ್ಕಿಕೊಂಡು ಹೇಳಿದ. "ಮುಂದೆ... ನಾವಿಬ್ರೂ ಒಂದು ಮನೆ ಕಟ್ಟಿದ್ರೆ, ಎಲ್ಲಾ ಕೋಣೆಗೂ ಎರಡು ಬಾಗಿಲು ಇಡೋಣ. ನೀನು ಯಾವಾಗ ಬೇಕಾದ್ರೂ ಹೋಗ್ಬಹುದು. ನಾನು ಅಡ್ಡ ನಿಲ್ಲಲ್ಲ."

ಅವಳು ತೆರೆದೇ ಇದ್ದ ಹಿಂಬಾಗಿಲನ್ನು ನೋಡಿದಳು. ಆಮೇಲೆ ಅವನ ಭುಜಕ್ಕೆ ತಲೆಯಾನಿಸಿದಳು. ಬೆಳಗ್ಗೆ ತಾನು ಹೊಡೆದ ಭುಜವೇ ಅದು. ಅವನು ನೋವಿಗೆ ಹಲ್ಲು ಕಚ್ಚಿದರೂ ಅಲುಗಾಡಲಿಲ್ಲ.

"ಬಾಗಿಲು ಇಡು," ಅಂದಳು ಮೆಲ್ಲಗೆ. "ನಾನು ಇಲ್ಲೇ ಇರ್ತೀನಿ."