ಸೆಲೆಸ್ತೀನಳ ಅಂಗಳ

ಚಿತ್ರಕಾರ ಗೊದ್ರಿಯೋ, ಸೆಲೆಸ್ತೀನ್ ಬಾಡಿಗೆಗಿದ್ದ ಮನೆಯನ್ನು ಕೊಂಡು ಅಂಗಳದ ಸುಣ್ಣದ ಗೋಡೆಗೆ ಡಾಂಬರು ಬಳಿಸಿದ.

ಆ ಅಂಗಳಕ್ಕೆ ಬಿಸಿಲು ಇಳಿಯುವುದಿಲ್ಲ. ಗೋಡೆಯೇ ಬಿಸಿಲು ಹಿಡಿದು ಕೆಳಗೆ ಕಳಿಸಬೇಕು. ಆ ಬೆಳಕಿನಲ್ಲಿ ಅವಳು ಚಿತ್ರ ಬರೆಯುತ್ತಿದ್ದಳು.

ಡಾಂಬರು ತಡವಾಯಿತು. ಚಿತ್ರ ಮುಗಿದಿತ್ತು. ನಾಳೆ ಪ್ರದರ್ಶನಕ್ಕೆ ಹೋಗಲಿತ್ತು.

ಅದಕ್ಕೇ ಅದನ್ನು ಕದಿಯಲು ನನ್ನನ್ನು ಕಳಿಸಿದ.

ಈಗ ಚಿತ್ರ ನನ್ನ ಕಂಕುಳಲ್ಲಿದೆ. ಬೀದಿಬಾಗಿಲು ಮುಚ್ಚಿದೆ. ಬೆನ್ನ ಹಿಂದೆ ಬಟ್ಟೆ ಒಗೆಯುವ ಹೆಂಗಸರು ಮೂವರು... ಕೈಯಲ್ಲಿ ಬಡಿಯುವ ಕೊರಡು.

ಪ್ಯಾರಿಸಿನಲ್ಲಿ ಹೊರಬೀಳಬೇಕಾದರೂ ಕಾವಲಿನಾಕೆ ತನ್ನ ಗೂಡಿನಲ್ಲಿ ಕೂತು ಹಗ್ಗ ಎಳೆಯಬೇಕು, ಆಗಲೇ ಅಗುಳಿ ಬಿಡುವುದು. ಅವಳು ನೀರಿಗೆ ಹೋದಾಗ ಬಾಗಿಲು ಮುಚ್ಚಿಕೊಳ್ಳದಂತೆ ಕಲ್ಲು ಕೊಟ್ಟು ನುಗ್ಗಿದ್ದೆ. ತಕ್ಷಣ ಹೊರಬೀಳಬೇಕಿತ್ತು. ಆದರೆ ಚಿತ್ರ ನೋಡುತ್ತ ನಿಂತುಬಿಟ್ಟೆ.

ಅದರಲ್ಲಿ ಇದೇ ಅಂಗಳದ ಒದ್ದೆ ಕಲ್ಲುಹಾಸು. ನೆರಳಿನೊಳಗೂ ತೆಳು ನೀಲಿ. ಸಾಬೂನಿನ ಹಬೆ ಬೆಳಕನ್ನು ಹೊತ್ತು ಮೇಲೇಳುತ್ತಿತ್ತು.

ಅಷ್ಟರಲ್ಲಿ ಕಾವಲಿನಾಕೆ ಬಂದು ಕಲ್ಲು ಒದ್ದು ಬಾಗಿಲು ಮುಚ್ಚಿದ್ದಳು.

"ಹಗ್ಗ ಎಳಿ, ಪೆರಿನೆಲ್ ಅಮ್ಮ," ಎಂದೆ.

ಅವಳು ಈರುಳ್ಳಿ ಸುಲಿಯುತ್ತಿದ್ದಳು.

"ನನ್ನ ಹತ್ರ ಚಾಕು ಇದೆ."

"ಈರುಳ್ಳಿ ಹೆಚ್ಚೋಕೆ ಬರುತ್ತಾ?"

ಹೆಂಗಸರು ನಕ್ಕರು. ಕೊರಡು ಮಾತ್ರ ಇಳಿಸಲಿಲ್ಲ.

ಬಾಗಿಲ ಕಿಂಡಿಯಲ್ಲಿ ಗೊದ್ರಿಯೋನ ಕಣ್ಣು ಕಾಣಿಸಿತು. ನನ್ನ ಕಡೆ ಅಲ್ಲ, ಚಿತ್ರದ ಕಡೆ.

"ತಿರುಗಿಸೋ ಲುಬಾನ್. ತೋರಿಸು."

ತೋರಿಸಿದೆ. ಕಣ್ಣು ಕಿಂಡಿಗೆ ಇನ್ನೂ ಹತ್ತಿರ ಬಂತು.

"ಹಾಳಾದವಳು... ನೆರಳು ಹೆಂಗೆ ಉಸಿರಾಡ್ತಿದೆ ನೋಡು. ನಂಗೆ ಎರಡು ಪದಕ ಬಂದಿದೆ. ನನ್ನ ನೆರಳು ಬರೀ ಮಸಿ."

"ಹೊಗಳೋಕೆ ಬಂದ್ರಾ ಮುಸ್ಯೂ?" ಪೆರಿನೆಲ್ ತಲೆ ಎತ್ತದೆ ಕೇಳಿದಳು.

"ಸುಡೋಕೆ. ಬಾಗಿಲು ತೆಗಿ. ಈ ಮನೆ ಈಗ ನಂದು. ತೆಗೀದಿದ್ರೆ ಸಂಜೆಗೆ ನಿನ್ನ ಹಾಸಿಗೆ ಬೀದೀಲಿರುತ್ತೆ."

ಅವಳ ಕೈ ನಿಂತಿತು. ಗೂಡು ಬಿಟ್ಟರೆ ಅವಳಿಗೆ ಬೇರೆ ಸೂರಿಲ್ಲ. ಅದು ನನಗೂ ಗೊತ್ತು, ಅವನಿಗೂ ಗೊತ್ತು.

ಎದ್ದಳು. ಕಪ್ಪು ಗೋಡೆಯನ್ನು ನೋಡಿದಳು. ನನ್ನ ಕಂಕುಳಿಗೆ ಕೈಹಾಕಿ ಚಿತ್ರ ತೆಗೆದುಕೊಂಡಳು. ಮೂರು ಕೊರಡುಗಳ ನಡುವೆ ನಾನು ವಾದ ಮಾಡಲಿಲ್ಲ.

ಹಗ್ಗದ ತುದಿಯನ್ನು ಕುರ್ಚಿಯ ಮೇಲಿಟ್ಟು ಅದರ ಮೇಲೆಯೇ ಕೂತಳು.

"ಎಳೆಯಲ್ಲ, ಮುಸ್ಯೂ. ನನ್ನನ್ನ ಹೊರಗೆ ಹಾಕೋಕೆ ನೀವು ಒಳಗೆ ಬರಬೇಕಲ್ಲ... ಅದಕ್ಕೂ ನಾನೇ ಎಳೀಬೇಕು."