ಒಂದು ದಿನದ ಹಿರಿತನ

ಇಪ್ಪತ್ತೊಂದು ವರ್ಷದ ಹಿಂದೆ, ಒಂದು ಅಮಾವಾಸ್ಯೆಯ ಬೆಳಿಗ್ಗೆ, ಏಕನಾಥ ಮತ್ತು ದಕ್ಷಿಣಾಮೂರ್ತಿ ಒಂದೇ ರೈಲಿನಿಂದ ದೆಹಲಿಯಲ್ಲಿ ಇಳಿದಿದ್ದರು. ಇಬ್ಬರ ಜೇಬಿನಲ್ಲೂ ಒಂದೇ ಕಚೇರಿಯ ನೇಮಕದ ಆದೇಶವಿತ್ತು. ಪ್ಲಾಟ್‌ಫಾರ್ಮಿನ ನಲ್ಲಿಯಲ್ಲಿ ಮುಖ ತೊಳೆಯುತ್ತ ದಕ್ಷಿಣಾಮೂರ್ತಿ ಹೇಳಿದ್ದ: "ಅಮಾವಾಸ್ಯೆ ದಿನ ಯಾರಾದ್ರೂ ಹೊಸ ಕೆಲಸಕ್ಕೆ ಕೈ ಹಾಕ್ತಾರೇನಯ್ಯಾ? ನಾಳೆ ಜತೆಯಾಗೇ ಹೋಗಿ ಸೇರೋಣ." ಏಕನಾಥ ಅದನ್ನು ನಂಬಿ ಧರ್ಮಶಾಲೆಯಲ್ಲಿ ಮಲಗಿದ. ಎದ್ದಾಗ ಪಕ್ಕದ ಚಾಪೆ ಖಾಲಿ. ದಕ್ಷಿಣಾಮೂರ್ತಿ ಆ ಮಧ್ಯಾಹ್ನವೇ ಹೋಗಿ ಹಾಜರಿ ಪುಸ್ತಕದಲ್ಲಿ ಸಹಿ ಹಾಕಿ ಬಂದಿದ್ದ.

ಆ ಕಚೇರಿಯಲ್ಲಿ ಹಿರಿತನ ಲೆಕ್ಕವಾಗುತ್ತಿದ್ದದ್ದು ಸೇರಿದ ದಿನದಿಂದ. ಹಾಗಾಗಿ ಪ್ರತಿ ಬಡ್ತಿಯೂ ಮೊದಲು ದಕ್ಷಿಣಾಮೂರ್ತಿಗೆ, ಒಂದೋ ಎರಡೋ ವರ್ಷ ಬಿಟ್ಟು ಏಕನಾಥನಿಗೆ. ಲೋಧಿ ಕಾಲೋನಿಯ ಕನ್ನಡದವರ ಪ್ರತಿ ಊಟದಲ್ಲೂ ದಕ್ಷಿಣಾಮೂರ್ತಿ ಈ ಕತೆಯನ್ನು ತಾನೇ ಹೇಳಿ ನಗಿಸುತ್ತಿದ್ದ. "ನಮ್ಮ ಸಂಜೆ ಬಿ.ಎ. ಪಂಚಾಂಗ ನಂಬಿ ಮಲಗಿಬಿಟ್ಟ! ಒಂದು ದಿನ ಆದ್ರೂ ಹಿರಿಯ ಹಿರಿಯನೇ. ನನ್ನನ್ನ 'ನೀವು' ಅನ್ನಬೇಕು, ಗೊತ್ತಾಯ್ತಾ?" ಸಂಜೆ ಕಾಲೇಜಿನಲ್ಲಿ ಓದಿ ಪದವಿ ತೆಗೆದುಕೊಂಡ ಏಕನಾಥ ಎಲ್ಲರ ಜತೆ ನಗುತ್ತಿದ್ದ. 'ನೀವು' ಎಂದೇ ಕರೆಯುತ್ತಿದ್ದ.

ಈಗ, 2002ರಲ್ಲಿ, ವಿಭಾಗದ ಮುಖ್ಯಸ್ಥರ ಕುರ್ಚಿ ಖಾಲಿಯಾಗಿತ್ತು. ಪಟ್ಟಿಯಲ್ಲಿ ಮೊದಲ ಹೆಸರು ದಕ್ಷಿಣಾಮೂರ್ತಿಯದು, ಎರಡನೆಯದು ಏಕನಾಥನದು. ಅದು ಮತ್ತೆ ಖಾಲಿಯಾಗುವುದು ದಕ್ಷಿಣಾಮೂರ್ತಿ ನಿವೃತ್ತನಾದಾಗ. ಅದೇ ವರ್ಷ ಏಕನಾಥನಿಗೂ ನಿವೃತ್ತಿ. ಈ ಸಲ ತಪ್ಪಿದರೆ ಆ ಕುರ್ಚಿ ಈ ಜನ್ಮಕ್ಕಿಲ್ಲ.

ಏಕನಾಥ ಅವಸರದ ಮನುಷ್ಯನಲ್ಲ. ಬೀಗ ಹಾಕಿದ ಮೇಲೆ ಮೂರು ಸಲ ಎಳೆದು ನೋಡುವವನು, ಪತ್ರ ಅಂಟಿಸಿದ ಮೇಲೂ ವಿಳಾಸ ಓದುವವನು. ಎರಡು ತಿಂಗಳು ಯೋಚಿಸಿದ. ದಕ್ಷಿಣಾಮೂರ್ತಿ ಪ್ರತಿ ವರ್ಷ ಮಹಾಲಯ ಅಮಾವಾಸ್ಯೆಗೆ ತಂದೆಗೆ ತರ್ಪಣ ಬಿಡಲು ಒಬ್ಬನೇ ಹರಿದ್ವಾರಕ್ಕೆ ಹೋಗುತ್ತಿದ್ದ. ಈ ಸಲ ಅಮಾವಾಸ್ಯೆ ಭಾನುವಾರ ಬಂದಿತ್ತು. ಭಾನುವಾರಗಳಲ್ಲಿ ಏಕನಾಥ ಘಾಜಿಯಾಬಾದಿನಲ್ಲಿ ಕಟ್ಟುತ್ತಿದ್ದ ತನ್ನ ಫ್ಲ್ಯಾಟ್ ನೋಡಲು ಹೋಗುತ್ತಿದ್ದ. ಹೆಂಡತಿ ಶಾಂತಮ್ಮ ಊಟ ಕಟ್ಟಿಕೊಡುತ್ತಿದ್ದಳು. ಹರಿದ್ವಾರದ ರೈಲು ಘಾಜಿಯಾಬಾದಿನಲ್ಲಿ ನಿಲ್ಲುತ್ತಿತ್ತು. ಹೊಸದಾಗಿ ಏನನ್ನೂ ಸೃಷ್ಟಿಸಬೇಕಾಗಿರಲಿಲ್ಲ. ಇದ್ದದ್ದನ್ನೇ ಒಂದಕ್ಕೊಂದು ಜೋಡಿಸಿದರೆ ಸಾಕಾಗಿತ್ತು.

ಹರಿದ್ವಾರದಲ್ಲಿ ಜನಜಾತ್ರೆ. ಅದಕ್ಕೇ ಅದೇ ರೈಲಿನಲ್ಲಿ ಮುಂಚೆ ಸಿಗುವ ರೂರ್ಕಿಯನ್ನು ಆರಿಸಿದ. ನೂರೈವತ್ತು ವರ್ಷದ ಹಿಂದೆ ಬ್ರಿಟಿಷರು ತೋಡಿಸಿದ ಗಂಗಾ ಕಾಲುವೆ ಹರಿಯುವ ಊರು ಅದು. ಗ್ರಂಥಾಲಯದಲ್ಲಿ ಕೂತು ಹಳೆಯ ಪುಸ್ತಕವೊಂದರಿಂದ ಕಾಲುವೆಯ ಅಗಲ, ಆಳ, ನೀರಿನ ಸೆಳೆತ ಎಲ್ಲವನ್ನೂ ಓದಿಕೊಂಡ. ಕೆಳಗೆ ಕೆಲವು ಮೈಲಿ ದೂರದಲ್ಲಿ ಒಂದು ಕಬ್ಬಿಣದ ಜಾಲರಿ ಇದೆಯೆಂದೂ ತೇಲಿಹೋದದ್ದೆಲ್ಲ ಅಲ್ಲಿ ಸಿಕ್ಕಿಕೊಳ್ಳುತ್ತದೆಂದೂ ತಿಳಿಯಿತು. ಒಳ್ಳೆಯದೇ ಆಯಿತು. ಹೆಣ ಸಿಗಲೇಬೇಕು. ಕಾಣೆಯಾದವನ ಹೆಸರನ್ನು ಪಟ್ಟಿಯಿಂದ ತೆಗೆಯಲು ಸರ್ಕಾರಕ್ಕೆ ಏಳು ವರ್ಷ ಬೇಕು.

ಅಕ್ಟೋಬರ್ ಆರರ ಬೆಳಿಗ್ಗೆ ಏಕನಾಥ ಘಾಜಿಯಾಬಾದಿನಲ್ಲಿ ರೈಲು ಹತ್ತಿದ. ಕೈಯಲ್ಲಿ ಎರಡು ಅಂತಸ್ತಿನ ಸ್ಟೀಲ್ ಊಟದ ಡಬ್ಬಿ. ಮೇಲಿನ ಪುಳಿಯೋಗರೆಗೆ, ಸ್ಟೇಷನ್ನಿನ ಬೆಂಚಿನ ಮೇಲೆ ಕೂತು, ತನಗೆ ಡಾಕ್ಟರು ಕೊಟ್ಟಿದ್ದ ನಿದ್ದೆ ಮಾತ್ರೆಗಳ ಪುಡಿ ಬೆರೆಸಿದ್ದ.

"ಅರೆ, ಸಂಜೆ ಬಿ.ಎ.! ನೀನೇನಯ್ಯಾ ಇಲ್ಲಿ?" ದಕ್ಷಿಣಾಮೂರ್ತಿ ಕಿಟಕಿ ಪಕ್ಕದಲ್ಲಿ ಕಾಲು ಮಡಚಿ ಕೂತಿದ್ದ.

"ಸೈಟಿಗೆ ಬಂದಿದ್ದೆ ಮೂರ್ತಿಗಳೇ. ಕೂಲಿಯೋರು ಯಾರೂ ಬಂದಿರ್ಲಿಲ್ಲ. ರೈಲು ನಿಂತಿತ್ತು, ನಮ್ಮಪ್ಪನಿಗೂ ಎರಡು ಬೊಗಸೆ ನೀರು ಬಿಡೋಣ ಅಂತ ಹತ್ತಿಬಿಟ್ಟೆ."

"ಅಚ್ಛಾ! ಕೊನೆಗೂ ಒಂದು ಸಲ ಅಮಾವಾಸ್ಯೆ ದಿನ ಹೊರಟೆಯಲ್ಲ," ಎಂದು ಅವನು ತೊಡೆ ತಟ್ಟಿ ನಕ್ಕ.

ಏಕನಾಥನೂ ನಕ್ಕ. ಮೀರತ್ ದಾಟುವಷ್ಟರಲ್ಲಿ ರೂರ್ಕಿಯ ಮಾತೆತ್ತಿದ. ಹರಿದ್ವಾರದಲ್ಲಿ ಕಾಲಿಡಲು ಜಾಗವಿಲ್ಲ, ಪಂಡಾಗಳು ದಕ್ಷಿಣೆಗಾಗಿ ಪಂಚೆ ಹಿಡಿದು ಎಳೆಯುತ್ತಾರೆ, ರೂರ್ಕಿಯ ಕಾಲುವೆಯದೂ ಅದೇ ಗಂಗೆ. ದಕ್ಷಿಣಾಮೂರ್ತಿಗೆ ಪಂಡಾಗಳೆಂದರೆ ಆಗುತ್ತಿರಲಿಲ್ಲ. "ಚಲೋ, ಇಳಿದುಬಿಡೋಣ," ಎಂದ.

ರೂರ್ಕಿಯಲ್ಲಿ ರೈಲು ನಿಂತಾಗ ಹನ್ನೊಂದೂವರೆ. ಸೈಕಲ್ ರಿಕ್ಷಾದವನು ಕಾಲುವೆಯ ದಂಡೆಯ ಮೇಲೆ ಅವರನ್ನು ಕರೆದೊಯ್ದ. ನೀರು ಅಂಚಿನವರೆಗೂ ತುಂಬಿ ಹಸಿರಾಗಿ, ಸದ್ದಿಲ್ಲದೆ, ಓಡುವ ಮನುಷ್ಯನಿಗಿಂತ ವೇಗವಾಗಿ ಹೋಗುತ್ತಿತ್ತು. ಊರಾಚೆ, ಕಾಲುವೆ ಒಂದು ನದಿಯ ಮೇಲೇ ಸೇತುವೆಯಂತೆ ಹಾದುಹೋಗುವ ಕಡೆ, ದೊಡ್ಡ ಕಲ್ಲಿನ ಸಿಂಹಗಳು ಕೂತಿದ್ದವು.

"ನಮ್ಮ ಜಾಯಿಂಟ್ ಸೆಕ್ರೆಟರಿ ಥರಾನೇ ಇದಾವೆ ನೋಡೋ. ಬಾಯಿ ಮುಚ್ಚಿಕೊಂಡು ಕೂತು ಹೆದರಿಸೋದು," ಎಂದ ದಕ್ಷಿಣಾಮೂರ್ತಿ.

ರಿಕ್ಷಾದವನು ಬೆವರು ಒರೆಸಿಕೊಂಡು, "ಸರಿಯಾದ ಸಮಯಕ್ಕೆ ಬಂದಿರಿ ಬಾಬೂಜಿ. ದಸರಾ ಆದಮೇಲೆ ಬಂದಿದ್ದರೆ ಸುಮ್ಮನೆ ವಾಪಸ್ ಹೋಗಬೇಕಾಗ್ತಿತ್ತು," ಎಂದು ಹಿಂದಿಯಲ್ಲಿ ಹೇಳಿದ. ಹೆಚ್ಚು ಬಾಡಿಗೆ ಕೇಳುವ ಪೀಠಿಕೆಯೆಂದುಕೊಂಡ ಏಕನಾಥ ಮಾತು ಬೆಳೆಸಲಿಲ್ಲ. ಹೇಳಿದಷ್ಟೇ ಕೊಟ್ಟು ಕಳಿಸಿದ. ಅಮಾವಾಸ್ಯೆಯ ದಿನ ನಲವತ್ತು ಜನರನ್ನು ಹೊತ್ತವನಿಗೆ ಯಾವ ಮುಖ ನೆನಪಿರುತ್ತದೆ?

ಸಿಂಹಗಳಿಂದ ಇನ್ನೂ ಮುಂದೆ, ಮರಗಳ ಮರೆಯಲ್ಲಿ, ಯಾರೂ ಇಲ್ಲದ ಮೆಟ್ಟಿಲುಗಳಿದ್ದವು. ದಕ್ಷಿಣಾಮೂರ್ತಿ ಮುಳುಗು ಹಾಕಿ, ಎಳ್ಳು ನೀರು ಬಿಟ್ಟ. ಏಕನಾಥ ಸುಮ್ಮನೆ ನಿಂತಿದ್ದನ್ನು ನೋಡಿ, "ಮಂತ್ರ ಬರಲ್ವೇನೋ? ನಿಮ್ಮಪ್ಪನ ಹೆಸರು ಹೇಳು, ನಾನೇ ಹೇಳಿಕೊಡ್ತೀನಿ," ಎಂದ. ಹೆಸರು ಕೇಳಿಕೊಂಡು ಒಂದೊಂದೇ ಪದ ಬಿಡಿಸಿ ಹೇಳಿಕೊಟ್ಟ. ಆ ಹೊತ್ತಿನಲ್ಲಿ ಅವನ ದನಿಯಲ್ಲಿ ಗೇಲಿ ಇರಲಿಲ್ಲ. ಏಕನಾಥನನ್ನು ಅದೇ ಹೆಚ್ಚು ರೇಗಿಸಿತು. ಇದರಲ್ಲೂ ಇವನೇ ಮುಂದೆ.

ಒಣ ಪಂಚೆ ಉಟ್ಟು ದಕ್ಷಿಣಾಮೂರ್ತಿ ಡಬ್ಬಿಯ ಕಡೆ ನೋಡಿದ. "ಶಾಂತಮ್ಮನ ಪುಳಿಯೋಗರೆಯಾ? ಇವತ್ತು ಹೊರಗೆ ತಿನ್ನಬಾರದು. ಆದ್ರೆ ಪ್ರಯಾಣದಲ್ಲಿ ದೋಷ ಇಲ್ಲ ಬಿಡು." ಮೇಲಿನದನ್ನು ಹೆಚ್ಚುಕಮ್ಮಿ ಖಾಲಿ ಮಾಡಿದ. ಏಕನಾಥ ಕೆಳಗಿನ ಮೊಸರನ್ನ ತಿಂದ. ಮುಕ್ಕಾಲು ಗಂಟೆಯಲ್ಲಿ ದಕ್ಷಿಣಾಮೂರ್ತಿಯ ಮಾತು ತೊದಲಿತು. "ಒಂದು ಗಳಿಗೆ ಒರಗ್ತೀನಿ ಕಣೋ. ರೈಲಿನ ಹೊತ್ತಿಗೆ ಎಬ್ಬಿಸು."

"ಮಲಗಿ ಮೂರ್ತಿಗಳೇ. ನಾನಿದೀನಲ್ಲ."

ಅವನು ಕೆಳಗಿನ ಮೆಟ್ಟಿಲಿನ ಮೇಲೆ ಮಗುವಿನಂತೆ ಮಗ್ಗುಲಾದ. ಏಕನಾಥ ಕೈಗಡಿಯಾರ ನೋಡಿಕೊಂಡು ಹತ್ತು ನಿಮಿಷ ಕಾದ, ಎರಡೂ ಕಡೆ ನೋಡಿದ, ಆಮೇಲೆ ಅಂಗಾಲಿನಿಂದ ಬೆನ್ನನ್ನು ನಿಧಾನವಾಗಿ ನೂಕಿದ. ನೀರಿನಲ್ಲಿ ಕಣ್ಣು ಒಮ್ಮೆ ತೆರೆಯಿತು. "ನಾಳೆ ಜತೆಯಾಗೇ ಹೋಗಿ ಸೇರೋಣ," ಎಂದ ಏಕನಾಥ.

ಉಳಿದದ್ದು ಡಬ್ಬಿ. ತೊಳೆದು ಮನೆಗೆ ಒಯ್ಯಬಹುದಿತ್ತು. ಆದರೆ ಎಷ್ಟು ತೊಳೆದರೂ ವಿಷದ ಅಂಶ ಲೋಹಕ್ಕೆ ಅಂಟಿಕೊಂಡಿರುತ್ತದೆಂದು ಯಾವುದೋ ಪತ್ರಿಕೆಯಲ್ಲಿ ಓದಿದ್ದ. ಅವನಿಗೆ ಅನುಮಾನ ಉಳಿಯುವುದು ಇಷ್ಟವಿಲ್ಲ. ಕೆಳಗಿನ ಅಂತಸ್ತಿಗೆ ಕಲ್ಲು ತುಂಬಿ, ಮುಚ್ಚಳ ಬಿಗಿದು, ಕಾಲುವೆಯ ನಡುವಿಗೆ ಎಸೆದ. ಒಂದು ಸಲ ಮಿಂಚಿ ಮುಳುಗಿತು. ಮುಚ್ಚಳದ ಮೇಲೆ ಹೆಸರು ಕೆತ್ತಿಸಿದ್ದು ಅವನಿಗೆ ನೆನಪಿತ್ತು. ಮದುವೆಯಲ್ಲಿ ಅತ್ತೆ ಕೊಟ್ಟ ಡಬ್ಬಿ ಅದು. ಆದರೆ ಇಷ್ಟು ನೀರಿನ ತಳದಲ್ಲಿ ಯಾರು ಓದುತ್ತಾರೆ?

ಸಂಜೆ ಬಸ್ಸಿನಲ್ಲಿ ವಾಪಸಾಗಿ, ಡಬ್ಬಿ ಸೈಟಿನಲ್ಲಿ ಕಳುವಾಯಿತೆಂದ. ಶಾಂತಮ್ಮ ಎರಡು ದಿನ ಗೊಣಗಿದಳು.

ಮೂರನೆಯ ದಿನ ಹೆಣ ಜಾಲರಿಗೆ ಸಿಕ್ಕಿತು. ಮೆಟ್ಟಿಲ ಮೇಲೆ ಸಿಕ್ಕ ಚೀಲದಲ್ಲಿ ಕಚೇರಿಯ ಗುರುತಿನ ಚೀಟಿ ಇತ್ತು. ಗಂಡನ ಸುದ್ದಿ ಕೇಳಿ ಕುಸಿದ ಲೀಲಮ್ಮನನ್ನು ರೂರ್ಕಿಗೆ ಕರೆದೊಯ್ದವನು ಏಕನಾಥನೇ. ರೈಲು ಆ ಊರಿಗೆ ಬಂದಾಗ ಅವನು, "ಇದೇನಾ ಸ್ಟೇಷನ್?" ಎಂದು ಪಕ್ಕದವರನ್ನು ಕೇಳಿದ.

"ಟಿಕೆಟ್ ಹರಿದ್ವಾರಕ್ಕಿತ್ತಲ್ಲ ಅಣ್ಣಾ. ಇಲ್ಲಿ ಯಾಕೆ ಇಳಿದ್ರು?" ಎಂದಳು ಲೀಲಮ್ಮ.

"ಜನಜಂಗುಳಿ ಬೇಡ ಅಂದಿರಬೇಕಮ್ಮ. ಅವರ ಸ್ವಭಾವ ನಿಮಗೆ ಗೊತ್ತಲ್ಲ."

ತರ್ಪಣಕ್ಕೆ ಬಂದವರು ಜಾರಿ ಬೀಳುವುದು ಪೊಲೀಸರಿಗೆ ಹೊಸದಲ್ಲ. ಒಂದು ಹಾಳೆಯಲ್ಲಿ ಮುಗಿಸಿದರು. ಸಾಕ್ಷಿಯ ಹೇಳಿಕೆಯಲ್ಲಿ ಯಾರೂ ಕೇಳದಿದ್ದರೂ ಏಕನಾಥ ತನ್ನ ಕೈಯಾರೆ ಒಂದು ವಾಕ್ಯ ಸೇರಿಸಿದ: 'ಅಮಾವಾಸ್ಯೆಯ ದಿನ ನಾನು ಘಾಜಿಯಾಬಾದಿನಲ್ಲಿದ್ದೆ. ಈ ಊರಿಗೆ ನಾನು ಬರುತ್ತಿರುವುದು ಇದೇ ಮೊದಲು.' ಸಹಿ ಹಾಕಿ ತಾರೀಖು ಬರೆದ.

ಆಯುಧಪೂಜೆಯ ದಿನ ಮುಖ್ಯಸ್ಥನ ಮೇಜಿಗೆ ಕುಂಕುಮವಿಟ್ಟ. ಪ್ರಭಾರದ ಆದೇಶ ಬಂದಾಗಿತ್ತು. ದಸರಾ ಸಂಜೆ ರಾಮಲೀಲಾ ಮೈದಾನದಲ್ಲಿ ರಾವಣ ಉರಿಯುವುದನ್ನು ಹೆಂಡತಿಯೊಂದಿಗೆ ನಿಂತು ನೋಡಿದ.

ಅದರ ಮುಂದಿನ ಭಾನುವಾರ ಬಾಗಿಲು ತಟ್ಟಿದ ಸದ್ದಾಯಿತು. ಒಳಕೋಣೆಯಲ್ಲಿ ಪತ್ರಿಕೆ ಓದುತ್ತಿದ್ದ ಏಕನಾಥನಿಗೆ ಲೀಲಮ್ಮನ ದನಿ ಕೇಳಿಸಿತು. ಅದರ ಹಿಂದೆಯೇ ಶಾಂತಮ್ಮನ ಸಂಭ್ರಮ: "ಅಯ್ಯೋ ಲೀಲಕ್ಕ, ನಮ್ಮ ಡಬ್ಬಿ! ಅಮ್ಮ ಕೆತ್ತಿಸಿದ ಹೆಸರು ಹಾಗೇ ಇದೆ ನೋಡಿ, 'ಶಾಂತಾ–ಏಕನಾಥ'. ರೀ, ಡಬ್ಬಿ ಸಿಕ್ತು ಬನ್ನಿ! ಅಮಾವಾಸ್ಯೆ ದಿನ ಸೈಟಲ್ಲಿ ಕಳ್ಕೊಂಡು ಬಂದಿದ್ರು." ಏಕನಾಥ ಎದ್ದು ಬಂದ. ಹೊಸ್ತಿಲ ಆಚೆ ರೂರ್ಕಿಯ ಪೊಲೀಸ್ ದರೋಗಾ ಟೋಪಿ ಕಂಕುಳಲ್ಲಿಟ್ಟುಕೊಂಡು ನಿಂತಿದ್ದ. "ಭಕ್ತರು ಗಂಗೆಗೆ ಎಸೆದ ಚಿಲ್ಲರೆ ಕಾಸು ಹೆಕ್ಕುವವರಿಗೆ ಸಿಕ್ಕಿತು. ಒಳಗೆ ಕಲ್ಲು ತುಂಬಿತ್ತು, ಮೇಲಿನದರಲ್ಲಿ ಅನ್ನ ಅಂಟಿತ್ತು. ಅದನ್ನು ಪರೀಕ್ಷೆಗೆ ಕಳಿಸಿದ್ದೇವೆ. ಅಕ್ಷರ ನಮಗೆ ಓದಲು ಬರಲಿಲ್ಲ, ಮುಳುಗಿದವರು ದಕ್ಷಿಣದವರಲ್ಲವೇ ಅಂತ ಇವರ ಮನೆಗೆ ತಂದೆವು," ಎಂದ. ಏಕನಾಥ ಬಾಗಿಲ ಚೌಕಟ್ಟು ಹಿಡಿದುಕೊಂಡು, "ಅಷ್ಟು ಆಳದ ನೀರಿನಲ್ಲಿ..." ಎಂದವನು ಅಲ್ಲಿಗೇ ನಿಲ್ಲಿಸಿದ. ದರೋಗಾ ಅವನ ಮುಖವನ್ನೇ ನೋಡುತ್ತ ಹೇಳಿದ: "ನೀರೆಲ್ಲಿದೆ ಭಾಯಿಸಾಬ್? ಹೂಳೆತ್ತಲು ಪ್ರತಿ ವರ್ಷ ದಸರಾ ರಾತ್ರಿ ಹರಿದ್ವಾರದಲ್ಲಿ ತೂಬಿನ ಬಾಗಿಲು ಹಾಕಿಬಿಡುತ್ತಾರೆ. ದೀಪಾವಳಿಯವರೆಗೆ ಕಾಲುವೆ ಒಣಗಿರುತ್ತದೆ."