ಮೂಡಲಿಗೆ ಬೀಳಬೇಕಿದ್ದ ಚಿಮಣಿ

2025ರ ಮಾರ್ಚ್ 12, ಬುಧವಾರ, ಬೆಳಿಗ್ಗೆ ಹತ್ತು ಗಂಟೆ. ಹೊಸಪೇಟೆಯ ಹೊರಭಾಗದ ಠಾಣೆಗೆ ನೀಲಗಂಗಮ್ಮ ಒಬ್ಬಳೇ ಬಂದಳು. ಹಿಂದಿನ ದಿನ ಕಂಪ್ಲಿ ರಸ್ತೆಯ ಮುಚ್ಚಿಹೋದ ಹಂಚಿನ ಕಾರ್ಖಾನೆಯಲ್ಲಿ ಇಟ್ಟಿಗೆಯ ಚಿಮಣಿ ಉರುಳಿ ಆಕೆಯ ಗಂಡ ಹಾಲೇಶ ಸತ್ತಿದ್ದ. ಚಿಮಣಿ ಕೆಡವುವ ಗುತ್ತಿಗೆದಾರ ಪರಶುರಾಮ ಅಂದೇ ಠಾಣೆಗೆ ಬಂದು, ಗಾಳಿಯ ಹೊಡೆತಕ್ಕೆ ಬಿತ್ತೆಂದು ಹೇಳಿಹೋಗಿದ್ದ. ಊರೊಳಗೆ ಮಾತ್ರ ಅವನು ಬೇರೆ ಮಾತು ಹಬ್ಬಿಸಿದ್ದ. ತಪ್ಪು ಹಾಲೇಶನದೇ ಎಂಬುದು ಆ ಮಾತು.

ಇನ್‌ಸ್ಪೆಕ್ಟರ್ ಗಂಗಾಂಬಿಕಾ ಕುರ್ಚಿ ತೋರಿಸಿದರು. "ಕುಂದ್ರಿ ಅಮ್ಮ. ಏನು ದೂರು?"

"ಗಾಳಿ ಅಲ್ರಿ ಮೇಡಂ. ನಿನ್ನಿ ಒಂದು ಎಲಿ ಸೈತ ಅಳ್ಳಾಡಿಲ್ಲ. ಚಿಮಣಿ ವಾಲೋದು ನೋಡಿ ಸೀಟಿ ಊದೋದು ನಮ್ಮವರ ಕೆಲಸ. ಅದು ಬೀಳೋ ಕಡಿ ಅವರು ಯಾವತ್ತೂ ನಿಲ್ಲೋದಿಲ್ಲ, ಮಗ್ಗಲಿಗೆ ನಿಲ್ತಾರ. ನಿನ್ನಿ ಅದು ಮಗ್ಗಲಿಗೇ ಬಂತು. ಈಗ ಸತ್ತವರ ಮ್ಯಾಲ ತಪ್ಪು ಹೊರಸಾಕತ್ಯಾರ. ಅವರೇನು ಎದ್ದು ಬಂದು ಅಲ್ಲ ಅಂತಾರೇನ್ರಿ?"

ನಿರ್ಲಕ್ಷ್ಯದಿಂದ ಸಾವಿಗೆ ಕಾರಣವಾದ ಆರೋಪದಡಿ ಪರಶುರಾಮನ ಮೇಲೆ ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನದ ಹೊತ್ತಿಗೆ ಗಂಗಾಂಬಿಕಾ, ಕಾನ್‌ಸ್ಟೆಬಲ್ ಹುಲಿಗೇಶ್ ಹಾಗೂ ಇಬ್ಬರು ಪಂಚರು ಕಾರ್ಖಾನೆಯ ಅಂಗಳದಲ್ಲಿದ್ದರು.

ಚಿಮಣಿ ಬಡಗಣ ದಿಕ್ಕಿಗೆ ಚಾಚಿಕೊಂಡು ಬಿದ್ದಿತ್ತು. ಅದರ ತುದಿಯ ಕೆಳಗೆ ಪಂಪ್‌ಹೌಸ್ ಪುಡಿಯಾಗಿತ್ತು. ಹಾಲೇಶ ಕುಳಿತಿದ್ದದ್ದು ಅದರ ನೆರಳಿನಲ್ಲಿ. ನೆಲದ ಮೇಲೆ ಎಳೆದ ಸುಣ್ಣದ ಗೆರೆ ಮಾತ್ರ ಮೂಡಲಿಗೆ ಹೋಗಿತ್ತು.

"ಕೆಡವಿದ್ದು ಹ್ಯಾಂಗ?" ಸ್ಥಳಕ್ಕೆ ಕರೆಸಿದ್ದ ಪರಶುರಾಮನನ್ನು ಗಂಗಾಂಬಿಕಾ ಕೇಳಿದರು.

"ಬುಡದಾಗ ಮೂಡಲ ಕಡಿ ಅರ್ಧ ಇಟ್ಟಂಗಿ ಬಿಚ್ಚತೀವ್ರಿ. ಬಿಚ್ಚಿದಲ್ಲೆಲ್ಲಾ ಆಸರಕ್ಕ ನೀಲಗಿರಿ ಕಂಬ ಕೊಡತೀವಿ. ಕಂಬದ ಸುತ್ತ ಪುಳ್ಳಿ ಒಟ್ಟಿ ಬೆಂಕಿ ಹಚ್ಚತೀವಿ. ಕಂಬ ಸುಟ್ಟ ಮ್ಯಾಲ ಚಿಮಣಿ ಮೂಡಲಿಗೆ ಮಲಗತೈತ್ರಿ."

"ಅನುಮತಿ ಇದ್ದದ್ದು ಮ್ಯಾಲಿಂದ ಒಂದೊಂದೇ ಇಟ್ಟಂಗಿ ಇಳಸಾಕ."

"ಹಂಗ ಮಾಡಿದ್ರ ಮಳಿಗಾಲ ಬರತಿತ್ರಿ."

"ಈಗ ಏನು ಬಂತು?" ಎಂದ ಹುಲಿಗೇಶ್.

ಗಂಗಾಂಬಿಕಾ ಬುಡದ ಬಳಿ ಕುಕ್ಕರಗಾಲಲ್ಲಿ ಕುಳಿತರು. ಬಡಗಣ ಬದಿಯ ಕಂಬಗಳು ಪೂರ್ತಿ ಬೂದಿಯಾಗಿದ್ದವು. ತೆಂಕಣ ಬದಿಯವು ಮೇಲುಮೇಲೆ ಕರಿಕಾಗಿದ್ದವಷ್ಟೆ. ಅವುಗಳ ಸುತ್ತಲಿನ ಪುಳ್ಳೆಯ ಮೇಲ್ಪದರ ಸುಟ್ಟಿತ್ತು. ಕೆಳಗೆ ಕೈಯಿಟ್ಟರೆ ಇನ್ನೂ ತೇವ.

"ಮೇಡಂ, ಇಲ್ನೋಡ್ರಿ," ಎಂದು ಹುಲಿಗೇಶ್ ಒಂದು ಕಂಬದ ಮಗ್ಗುಲು ತೋರಿಸಿದ. ಅಲ್ಲಿ ಮರದ ಮೇಲೆ ಕುಂಕುಮದ ನೀರು ಸೋರಿದ ಕೆಂಪು ಗೆರೆಗಳಿದ್ದವು. ಅವುಗಳ ಮೇಲೆ ಮೂರು ಬೆರಳಿನಿಂದ ಎಳೆದ ವಿಭೂತಿ.

"ಕಂಬಕ್ಕ ಪೂಜಿ ಮಾಡಿದೋರು ಯಾರು?"

"ನಮ್ಮ ಮಂದಿನೇ ರೀ. ಬೆಂಕಿಗೆ ಕೊಡೋ ಮುಂಚೆ ಹುಲಿಗೆಮ್ಮನ ಹೆಸರಿನ್ಯಾಗ ಅರಿಶಿಣ ಕುಂಕುಮ ಹಚ್ಚತೀವಿ. ವಿಭೂತಿ ನಮ್ಮ ಪದ್ಧತಿ ಅಲ್ರಿ." ಪರಶುರಾಮನ ಮುಖ ತಿಳಿಯಾಯಿತು. "ವಿಭೂತಿ ಹಚ್ಚತಿದ್ದವ ಹಾಲೇಶ! ಪೂಜಿ ಮುಗಿಸಿ ನಾವೆಲ್ಲಾ ಹುಣಸಿಮರದ ಕೆಳಗ ಚಿತ್ರಾನ್ನ ತಿನ್ನಾಕ ಹೋದ್ವಿ. ಅವ ಒಬ್ಬನೇ ಪಂಪ್‌ಹೌಸ್ ಕಡಿ ಹೋದ. ನೀರು ಇದ್ದದ್ದೂ ಅಲ್ಲೇ. ಊರಾಗ ನಾ ಹೇಳಿದ್ದು ಸುಳ್ಳೇನ್ರಿ?"

ಮಾತು ನೇರವಾಗಿಯೇ ಕೂಡುತ್ತಿತ್ತು. ಬೆಳಿಗ್ಗೆ ಕಂಡ ನೀಲಗಂಗಮ್ಮನ ಹಣೆಯ ವಿಭೂತಿ ಗಂಗಾಂಬಿಕಾ ಅವರ ಕಣ್ಣ ಮುಂದೆ ಬಂತು. ಕಂಬದ ಮೇಲಿನ ಗೆರೆಗಳನ್ನು ಮತ್ತೊಮ್ಮೆ ನೋಡಿದರು.

"ತೆಂಕಣ ಕಂಬ ನೆನಸಿದ್ರ ಚಿಮಣಿ ಬಡಗಣಕ್ಕ ವಾಲತೈತಿ. ಅಷ್ಟು ತಿಳಿದವ ಬಡಗಣಕ್ಕೇ ಹೋಗಿ ಯಾಕ ಕುಂತ, ಪರಶುರಾಮ?"

ಮೂಡಲಲ್ಲಿ ಉಳಿಸಿಕೊಳ್ಳುವಂಥದ್ದು ಏನಿದೆ ಎಂದು ನೋಡಲು ಗಂಗಾಂಬಿಕಾ ಎದ್ದು, ಚಿಮಣಿ ಬೀಳಬೇಕಿದ್ದ ಸುಣ್ಣದ ಗೆರೆಯ ಮೇಲೆಯೇ ನಡೆದರು. ಗೆರೆ ಕಾಂಪೌಂಡಿನ ಮೂಲೆಯಲ್ಲಿ ಮುಗಿಯುತ್ತಿತ್ತು. ಆ ಮೂಲೆಯಲ್ಲಿ ಮಣ್ಣಿನ ಸಣ್ಣ ಸಮಾಧಿ, ತಲೆಗೆ ಒಂದು ನಿಲುವುಗಲ್ಲು. ಕಲ್ಲಿನ ಮೇಲೆ ಮೂರು ಬೆರಳಿನ ಹಸಿ ವಿಭೂತಿ. ಎದುರಿಗೆ ಮುತ್ತುಗದ ಎಲೆಯಲ್ಲಿ ಎಡೆ.

"ಇದು ಯಾರದು?"

"ಕಾವಲಿನ ಕೊಟ್ರಯ್ಯನ ಹೆಂಡ್ತಿ ಸುವರ್ಣಮ್ಮಂದ್ರಿ," ಎಂದ ಪಂಚರಲ್ಲಿ ಒಬ್ಬ. "ಇಲ್ಲೇ ಹಂಚು ಬಡೀತಿದ್ಲು. ಹಳೇ ಮಾಲೀಕರು ಇಲ್ಲೇ ಮಣ್ಣು ಮಾಡಾಕ ಒಪ್ಪಿದ್ರು."

ಗಂಗಾಂಬಿಕಾ ಪರಶುರಾಮನತ್ತ ತಿರುಗಿದರು. "ಈ ಕಡಿ ಬೀಳಸಬ್ಯಾಡ ಅಂತ ಕೊಟ್ರಯ್ಯ ನಿಮಗ ಹೇಳಿದ್ರೇನು?"

"ಹೇಳಿದ್ದರಿ," ಎಂದು ಅವನು ತಡವರಿಸಿದ. "ಬಿದ್ದ ಮ್ಯಾಲ ಇಟ್ಟಂಗಿ ತಗದು, ಮಣ್ಣು ಒಟ್ಟಿ ಕೊಡತೀನಿ ಬಿಡು ಯಜಮಾನ, ಅಂದಿದ್ದೆ."

"ನಿನ್ನೆ ಯಾಕ ಇದನ್ನ ಹೇಳಲಿಲ್ಲ?"

"ಹೇಳಿದ್ರ ಬೆಂಕಿ ಹಚ್ಚಿದ್ದೂ ಹೇಳಬೇಕಾಗತಿತ್ರಿ."

ಕೊಟ್ರಯ್ಯ ಗೇಟಿನ ಕೋಣೆಯಲ್ಲಿದ್ದ. ಪೊಲೀಸರನ್ನು ಕಂಡು ಎದ್ದು ನಿಂತ. ವಯಸ್ಸು ಎಪ್ಪತ್ತರ ಆಸುಪಾಸು.

"ಯಜಮಾನ್ರ, ಎಲ್ಲಾರೂ ಉಣ್ಣಾಕ ಹೋದಾಗ ನೀವು ಎಲ್ಲಿದ್ರಿ?"

"ಕಾವಲಿಗೆ ಇದ್ನಿರಿ."

"ಪುಳ್ಳಿಗೆ ನೀರು ಹಾಕಿದೋರು ಯಾರು?"

"ನನಗ ಗೊತ್ತಿಲ್ರಿ."

"ಗೊತ್ತಿಲ್ಲದವರು ಕಂಬಕ್ಕ ವಿಭೂತಿ ಯಾಕ ಹಚ್ಚಿದ್ರಿ?"

ಮುದುಕನ ಕೈ ಸೊಂಟದ ವಿಭೂತಿ ಚೀಲಕ್ಕೆ ಹೋಯಿತು.

"ನನ್ನ ಕೋಣಿಯಾಗಿನ ಕೊಡದ ನೀರು ಸುರವಿದ್ನಿ, ಕುಂಕುಮ ತೊಳದು ಹೋತ್ರಿ. ಪೂಜಿ ಮಾಡಿದ ಕಂಬ. ಬೋಳು ಹಣಿಲೆ ಬೆಂಕಿಗೆ ಹ್ಯಾಂಗ ಕಳಸ್ಲಿ? ನನ್ನ ಕೈಯಾಗ ಇದ್ದದ್ದು ಇದೊಂದೇ."

"ಆಮ್ಯಾಲ?"

"ಮ್ಯಾಲ ಒಣ ಪುಳ್ಳಿ ಹರವಿ ಬಂದ್ನಿ. ಬಡಗಣಕ್ಕ ಪಾಳು ಪಂಪ್‌ಹೌಸ್ ಬಿಟ್ರ ಏನೂ ಇಲ್ಲ ಅಂದ್ಕೊಂಡೆ. ಹಾಲೇಶ ಮುಂಜಾನೆಲ್ಲಾ ತೆಂಕಲಾಗ ನಿಂತಿದ್ದ ತಾಯಿ. ಬಿಸಲಿಗೆ ಆ ಕಡಿ ಹೋಗಿದ್ದು ನಾ ಕಾಣಲಿಲ್ಲ. ಒಮ್ಮೆ ಸೀಟಿ ಕೇಳಸ್ತು. ಆ ಕಡಿಂದ ಕೇಳಸ್ತು."

ಸಂಜೆ ಐದೂವರೆಗೆ ಕೊಟ್ರಯ್ಯನ ಬಂಧನವಾಯಿತು. ಅನುಮತಿ ಮೀರಿ ಬೆಂಕಿಯಿಟ್ಟು, ಸುಳ್ಳು ಹೇಳಿದ ಪರಶುರಾಮನ ಬಂಧನವೂ ಆಯಿತು. ವಿಭೂತಿ ಹಚ್ಚಿದ ಕಂಬವನ್ನೂ ಮುದುಕನ ಸೊಂಟದ ಚೀಲವನ್ನೂ ಪಂಚನಾಮೆಯ ಮೇಲೆ ಜಪ್ತಿ ಮಾಡಿ, ಮೊಹರು ಹಾಕಿದರು. ಗಂಗಾಂಬಿಕಾ ನೀಲಗಂಗಮ್ಮನಿಗೆ ಫೋನ್ ಮಾಡಿ, ತಪ್ಪು ಹಾಲೇಶನದಲ್ಲ ಎಂದು ತಾವೇ ಹೇಳಿದರು. ಆಕೆ, "ಇದನ್ನ ಊರಾಗ ಬಂದು ಹೇಳ್ರಿ ಮೇಡಂ, ಆ ಗುತ್ತಿಗೆದಾರ ಸುಳ್ಳು ಹಬ್ಬಿಸಿದ ಕಡಿನೇ," ಎಂದಳು.

ಮುಚ್ಚಿದ ಕಾರ್ಖಾನೆಯನ್ನು ಬಿಟ್ಟು ಕೊಟ್ರಯ್ಯ ಎಲ್ಲಿಗೂ ಹೋಗದಿದ್ದುದು ಆ ಮೂಲೆಯ ಮಣ್ಣಿಗಾಗಿ. ಜೀಪು ಹತ್ತುವ ಮುನ್ನ ಅವನು ಅದನ್ನೊಮ್ಮೆ ನೋಡಿದ. ನಿಲುವುಗಲ್ಲು ನೆಟ್ಟಗೇ ಇತ್ತು.

ಮಲಪನಗುಡಿ ದಾರಿಯಲ್ಲಿ ಹೊಲವೊಂದರ ಬದುವಿನ ಬಳಿ ಹೊಸ ಮಣ್ಣಿನ ಗುಡ್ಡೆ ಕಂಡಿತು. ಮೇಲೆ ಬಾಡಿದ ಚೆಂಡುಹೂ.

"ಅದು ಹಾಲೇಶಂದೇನ್ರಿ?" ಎಂದು ಕೊಟ್ರಯ್ಯ ಕೇಳಿದ.

"ಹೌದು," ಎಂದರು ಗಂಗಾಂಬಿಕಾ.

ಕೊಟ್ರಯ್ಯನ ಮೂರು ಬೆರಳು ಅಭ್ಯಾಸದಂತೆ ಸೊಂಟಕ್ಕೆ ಹೋದವು. ಚೀಲ ಅಲ್ಲಿರಲಿಲ್ಲ. ಠಾಣೆ ಬರುವವರೆಗೂ ಅವನು ಆ ಬೆರಳುಗಳನ್ನು ಮಡಚಲಿಲ್ಲ.